ತಿದ್ದುವ ಮಾತು

ಇಂಗ್ಲಿಷಿನಲ್ಲಿ ‘ಸೆಟ್ ದಿ ರೆಕಾರ್ಡ್ ಸ್ಟ್ರೇಟ್’ ಎಂಬುದೊಂದು ನುಡಿಗಟ್ಟುಂಟು. ಒಂದು ವಿಷಯವನ್ನು ಕುರಿತು ಜನರಲ್ಲಿ ಹಬ್ಬಿದ ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಿ ನಿಜಸಂಗತಿಯನ್ನು ಮುಂದಿಡುವುದೆಂದು ಅದರ ಅರ್ಥ. ಪದಕ್ಕೆ ಪದವಿಟ್ಟು ‘ದಾಖಲೆಯನ್ನು ನೆಟ್ಟಗೆ ಮಾಡು’ ಎಂದರೆ ನಗೆಪಾಟಲಾದೀತು. ಆದರೆ ಅದರೊಳಗಿನ ವಿವೇಕ ದೊಡ್ಡದು. ನೆಟ್ಟಗಾಗಬೇಕಾದುದು ದಾಖಲೆ, ತಪ್ಪಿ ನುಡಿದವರ ಕಿವಿ ಹಿಂಡೆಂದು ಅದು ಹೇಳುವುದಿಲ್ಲ.

ನಮ್ಮ ಚರ್ಚಾಕೂಟಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ‘ಹಿಂದಿ ರಾಷ್ಟ್ರಭಾಷೆಯೆಂದು ಸಂವಿಧಾನದಲ್ಲಿಯೇ ಇದೆ’ ಎಂದು ಎಷ್ಟೋ ಮಂದಿ ನಂಬಿದ್ದಾರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 343ನೆಯ ವಿಧಿಯು ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆಯೆಂದು ಕರೆದಿದೆ. ರಾಷ್ಟ್ರಭಾಷೆಯೆಂಬ ಪಟ್ಟವನ್ನು ಯಾವ ಭಾಷೆಗೂ ಕಟ್ಟಿಲ್ಲ. ಎಂಟನೆಯ ಅನುಸೂಚಿಯಲ್ಲಿ ಮೊದಲು 14 ಭಾಷೆಗಳಿದ್ದವು, ಈಗ 22 ಇವೆ. ಕನ್ನಡ ಮೊದಲಿನಿಂದಲೂ ಅಲ್ಲಿದೆ. ಪುಸ್ತಕ ತೆರೆದು ತೋರಿಸಿದರೆ ಇದು ಎರಡು ನಿಮಿಷದ ಕೆಲಸ. ಹಾಗೆ ಮಾಡದೆ ‘ಇಷ್ಟೂ ತಿಳಿಯದೇ?’ ಎಂದು ಹೀಗಳೆದರೆ, ಕೇಳಿದವರು ತಮ್ಮ ತಪ್ಪನ್ನೇ ಮಾನವೆಂದು ಬಗೆದು ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ.

ನನ್ನಂತೆ ಮನೆತನದಲ್ಲೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲೇರಿದವರಿಗೆ ಇದು ಚೆನ್ನಾಗಿ ಗೊತ್ತು. ಉತ್ತರ ನಾಲಗೆಯ ತುದಿಯಲ್ಲಿದ್ದರೂ, ಪಕ್ಕದವರ ನಗುವಿಗೆ ಅಂಜಿ ನಮ್ಮಲ್ಲಿ ಅನೇಕರು ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ. ರಜೆಗೆ ಊರಿಗೆ ಹೋದರೆ ಅಲ್ಲಿ ನಾವೇ ಬಲ್ಲವರು. ಓದುಬಾರದ ಹಿರಿಯರ ಮಾತಿನಲ್ಲಿ ತಪ್ಪು ಕಂಡಾಗ ಅದೇ ನಗುವನ್ನು ನಾವು ಮನೆಯೊಳಕ್ಕೂ ಒಯ್ಯಬೇಕೆ? ಹೊಟ್ಟೆಬಟ್ಟೆ ಕಟ್ಟಿ ಓದಿಸಿದವರಿಗೆ ನಾವು ಸಲ್ಲಿಸುವ ಋಣ ಇದೇ ಏನು?

ಹಾಗೆಂದು ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಿರುವುದೂ ತರವಲ್ಲ. ಬಲ್ಲವರು ಸುಮ್ಮನಿದ್ದರೆ ಸುಳ್ಳೇ ದಾಖಲೆಯಾಗಿ ನಿಲ್ಲುತ್ತದೆ.

ಇದಕ್ಕೆ ದಾರಿ ನಮ್ಮ ನುಡಿಯಲ್ಲಿಯೇ ಇದೆ. ‘ತಪ್ಪು ತಿದ್ದು’ ಎನ್ನುವ ಕನ್ನಡಿಗರು ‘ಅಕ್ಷರ ತಿದ್ದು’ ಎಂದೂ ಎನ್ನುತ್ತಾರೆ. ಬರೆದಿಟ್ಟ ಅಕ್ಷರದ ಮೇಲೆ ಮಗುವಿನ ಕೈಹಿಡಿದು ಮತ್ತೆ ಮತ್ತೆ ಆಡಿಸುವುದೇ ತಿದ್ದಿಸುವುದು. ಅಲ್ಲಿ ಅಕ್ಷರ ಸರಿಯಾಗಿಯೇ ಇರಬೇಕು, ಹಿಡಿದ ಕೈಯೂ ಮೆತ್ತಗಿರಬೇಕು. ಪದವೀಧರರಾಗಿ ಹೊರಡಲಿರುವ ನಾವು ಈ ಎರಡನ್ನೂ ಜೊತೆಗೆ ಒಯ್ದರೆ ನಮ್ಮ ಓದು ಸಾರ್ಥಕವಾದೀತು.