ತೀರ್ಪಿಗೆ ಮೊದಲೇ ಶಿಕ್ಷೆ

2015ರ ಆಗಸ್ಟ್‌ನಲ್ಲಿ ದಿಲ್ಲಿಯ ಮೆಟ್ರೋ ರೈಲಿನಲ್ಲಿ ಸಮವಸ್ತ್ರ ಧರಿಸಿದ್ದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ತೂರಾಡಿ ಬಿದ್ದರು. ಯಾರೋ ಅದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಕುಡಿದ ಪೊಲೀಸ್ ಎಂದು ಹೆಸರಿಟ್ಟು ಹರಿಯಬಿಟ್ಟರು. ನೋಡಿದವರು ನಕ್ಕರು, ಬೈದರು, ಮತ್ತಷ್ಟು ಮಂದಿಗೆ ಕಳುಹಿಸಿದರು. ಇಲಾಖೆಯೂ ಅವರನ್ನು ಅಮಾನತು ಮಾಡಿತು. ಕೇರಳ ಮೂಲದ ಆ ಮನುಷ್ಯ ಕುಡಿದಿರಲೇ ಇಲ್ಲ. ಕೆಲವು ವರ್ಷಗಳ ಹಿಂದೆ ಪಾರ್ಶ್ವವಾಯುವಿಗೆ ತುತ್ತಾಗಿದ್ದ ಅವರಿಗೆ ಅಂದು ದೇಹದ ಮೇಲಿನ ಹಿಡಿತ ತಪ್ಪಿತ್ತು ಎಂಬುದು ಅನಂತರ ತಿಳಿದುಬಂತು. ನೌಕರಿ ಮರಳಿ ಸಿಕ್ಕಿತು. ಹೋದ ಮಾನಕ್ಕಾಗಿ ಮಾತ್ರ ಕುಟುಂಬ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಅದೇ ತಿಂಗಳು, ಅದೇ ದಿಲ್ಲಿಯ ತಿಲಕ್ ನಗರದ ಸಿಗ್ನಲ್‌ನಲ್ಲಿ ಬೈಕ್ ಸವಾರನೊಬ್ಬ ಅಸಭ್ಯವಾಗಿ ಮಾತನಾಡಿದನೆಂದು ಯುವತಿಯೊಬ್ಬಳು ಆತನ ಫೋಟೊವನ್ನು ಫೇಸ್‌ಬುಕ್‌ಗೆ ಏರಿಸಿದಳು. ಯುವಕ ಬಂಧಿತನಾದ. ಟಿವಿ ವಾಹಿನಿಗಳು ಆತನಿಗೆ ಇಲ್ಲಸಲ್ಲದ ಬಿರುದು ಕೊಟ್ಟವು, ಪೊಲೀಸರು ಯುವತಿಗೆ ಬಹುಮಾನ ಘೋಷಿಸಿದರು. ಆತ ಕೆಲಸ ಕಳೆದುಕೊಂಡ. ದೂರು ಕೊಟ್ಟವರು ಹಲವು ವಿಚಾರಣೆಗಳಿಗೆ ಹಾಜರಾಗಲೇ ಇಲ್ಲ. 2019ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಆತನನ್ನು ಖುಲಾಸೆಗೊಳಿಸಿತು. ನಾಲ್ಕು ವರ್ಷಗಳ ಹಿಂದೆ ಫೋಟೊ ಹಂಚಿದ ಸಾವಿರಾರು ಮಂದಿಯಲ್ಲಿ ಈ ತೀರ್ಪನ್ನು ಹಂಚಿದವರೆಷ್ಟು?

ಇಂಗ್ಲಿಷ್ ಬಲ್ಲವರು ಇದಕ್ಕೆ ಕ್ಯಾನ್ಸಲ್ ಕಲ್ಚರ್ ಎಂದು ಹೆಸರಿಟ್ಟಿದ್ದಾರೆ. ಹೆಸರು ಹೊಸದು, ರೋಗ ಹಳೆಯದು. ಊರಿನ ಬಾವಿ, ಅಂಗಡಿ, ಮದುವೆ ಚಪ್ಪರಗಳಿಂದ ಒಂದು ಮನೆಯನ್ನು ದೂರ ಇಡುವ ಬಹಿಷ್ಕಾರವನ್ನು ಹಿರಿಯರು ಕಂಡವರೇ. ಜಾತಿ ಪಂಚಾಯತಿಗಳ ಈ ದಬ್ಬಾಳಿಕೆಯನ್ನು ತಡೆಯಲೆಂದೇ ಮಹಾರಾಷ್ಟ್ರ ವಿಧಾನಮಂಡಲ 2016ರಲ್ಲಿ ಸಾಮಾಜಿಕ ಬಹಿಷ್ಕಾರ ತಡೆ ಕಾನೂನನ್ನು ಅಂಗೀಕರಿಸಿತು. ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂ.ವರೆಗೆ ದಂಡ. ಆ ಪಂಚಾಯತಿಯಲ್ಲಿ ಕನಿಷ್ಠ ಆರೋಪಿಯನ್ನು ಎದುರು ನಿಲ್ಲಿಸಿ ಒಂದು ಮಾತಾದರೂ ಕೇಳುತ್ತಿದ್ದರು. ಮೊಬೈಲ್ ಪಂಚಾಯತಿಯಲ್ಲಿ ಅದೂ ಇಲ್ಲ.

ಹಾಗೆಂದು ಜಾಲತಾಣದಲ್ಲಿ ದನಿ ಎತ್ತುವುದೇ ತಪ್ಪು ಎನ್ನುವುದು ಅನ್ಯಾಯ. ಕಚೇರಿಯಲ್ಲಿ, ಠಾಣೆಯಲ್ಲಿ ಯಾರೂ ಕಿವಿಗೊಡದ ಮಹಿಳೆಯರಿಗೆ 2018ರ ಮೀ ಟೂ ಆಂದೋಲನ ಬಾಯಿ ಕೊಟ್ಟಿತು. ಮಾಜಿ ಕೇಂದ್ರ ಸಚಿವ ಎಂ.ಜೆ. ಅಕ್ಬರ್ ಹೂಡಿದ್ದ ಮಾನಹಾನಿ ಮೊಕದ್ದಮೆಯಲ್ಲಿ ಪತ್ರಕರ್ತೆ ಪ್ರಿಯಾ ರಮಣಿ ಅವರನ್ನು 2021ರ ಫೆಬ್ರವರಿಯಲ್ಲಿ ಖುಲಾಸೆಗೊಳಿಸಿದ ದಿಲ್ಲಿಯ ನ್ಯಾಯಾಲಯ, ದಶಕಗಳ ಬಳಿಕವೂ ತನಗೆ ಬೇಕಾದ ವೇದಿಕೆಯಲ್ಲಿ ದೂರು ಹೇಳಿಕೊಳ್ಳುವ ಹಕ್ಕು ಮಹಿಳೆಗಿದೆ ಎಂದಿತು. ಆದರೆ ತನಗಾದ ನೋವನ್ನು ತನ್ನ ಹೆಸರು ಹಾಕಿ ಹೇಳುವವರ ಸಾಹಸವೇ ಬೇರೆ, ಎಲ್ಲಿಂದಲೋ ಬಂದದ್ದನ್ನು ಓದದೆ ಮುಂದೂಡುವವರ ಚಪಲವೇ ಬೇರೆ.

ಗುಂಪಿನ ಸಿಟ್ಟು ಯಾವ ಕಡೆಗೂ ತಿರುಗಬಲ್ಲದು. 2021ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಆಹಾರ ತಲುಪಿಸುವ ಹುಡುಗ ಮೂಗಿಗೆ ಗುದ್ದಿದನೆಂದು ಯುವತಿಯೊಬ್ಬಳು ವೀಡಿಯೊ ಹಾಕಿದಾಗ ಆತ ಬಂಧಿತನಾದ. ಆತ ತನ್ನ ಕಥೆ ಹೇಳಿದೊಡನೆ ಅದೇ ಜನ ಆಕೆಯ ಬೆನ್ನು ಬಿದ್ದರು, ವಾರದೊಳಗೆ ಆಕೆಯ ಮೇಲೂ ಪ್ರಕರಣ ದಾಖಲಾಯಿತು. ಮುಂಬಯಿಗರಿಗೆ ಪಾಲ್ಘರ್ ನೆನಪಿರಬೇಕು. 2012ರ ನವೆಂಬರ್‌ನಲ್ಲಿ ಬಾಳಾ ಠಾಕ್ರೆ ನಿಧನದ ಬಳಿಕ ನಗರ ಸ್ತಬ್ಧವಾದುದನ್ನು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದ ಒಬ್ಬ ಯುವತಿ, ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದ ಇನ್ನೊಬ್ಬಳು ಬಂಧಿತರಾದರು. ಬರೆದಾಕೆಯ ಸಂಬಂಧಿಕರ ಆಸ್ಪತ್ರೆ ಧ್ವಂಸವಾಯಿತು. ಬಂಧನಕ್ಕೆ ಬಳಸಿದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಬೀದಿಯ ಗುಂಪನ್ನು ರದ್ದುಗೊಳಿಸುವ ಕೋರ್ಟು ಎಲ್ಲಿದೆ?

ಹೊರನಾಡ ಕನ್ನಡಿಗರಿಗೆ ಈ ವಿಷಯ ಹೆಚ್ಚು ಹತ್ತಿರದ್ದು. ಮುಂಬಯಿ, ಪುಣೆಯಂಥ ನಗರಗಳಲ್ಲಿ ಊರಿನ ಸಂಘ, ಸಮಾಜದ ಸಂಘ, ಯಕ್ಷಗಾನ ಮಂಡಳಿ, ಭಜನಾ ಮಂಡಳಿ ಎಂದು ಹತ್ತಾರು ವಾಟ್ಸಾಪ್ ಗುಂಪುಗಳು. ಸದಸ್ಯರು ಹೆಚ್ಚುಕಡಿಮೆ ಅವರೇ. ಸಂಘದ ಹಣ ತಿಂದ ಎಂಬ ಒಂದು ಸಾಲು ಡೊಂಬಿವಲಿಯಲ್ಲಿ ಹೊರಟರೆ ಐದು ನಿಮಿಷದಲ್ಲಿ ಊರಿನ ಮನೆಯ ಜಗಲಿಯಲ್ಲಿರುತ್ತದೆ. ಮಗಳ ಸಂಬಂಧ ಮುರಿಯಲು, ಹೊಟೇಲಿನ ಪಾಲುದಾರ ಹಿಂದೆ ಸರಿಯಲು ಅಷ್ಟು ಸಾಕು. ಮಹಾನಗರದ ಜನಸಂದಣಿಯಲ್ಲಿ ಅಪರಿಚಿತನಾಗಿ ಬದುಕಬಹುದೆಂಬ ಸೌಕರ್ಯವೂ ಅವನಿಗಿಲ್ಲ, ಏಕೆಂದರೆ ಅವನ ಬದುಕೆಲ್ಲ ಆ ಗುಂಪುಗಳ ಒಳಗೇ ಇದೆ.

ಲೆಕ್ಕದಲ್ಲಿ ಸಂಶಯವಿದ್ದರೆ ಸುಮ್ಮನಿರಬೇಕೆಂದು ಯಾರೂ ಹೇಳುವುದಿಲ್ಲ. ವಾರ್ಷಿಕ ಮಹಾಸಭೆ ಇದೆ, ಲೆಕ್ಕ ಪರಿಶೋಧಕರಿದ್ದಾರೆ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್ ಆಗಿ ನೋಂದಾಯಿತವಾದ ಸಂಸ್ಥೆಗಳ ವಿರುದ್ಧ ಚಾರಿಟಿ ಕಮಿಷನರ್ ಕಚೇರಿಗೆ ದೂರು ಕೊಡಬಹುದು. ಸೋಜಿಗವೆಂದರೆ, ಗುಂಪಿನಲ್ಲಿ ರಾತ್ರಿ ಹನ್ನೆರಡರವರೆಗೆ ಗುಡುಗುವ ಎಷ್ಟೋ ಮಂದಿ ಮಹಾಸಭೆಗೆ ಬರುವುದಿಲ್ಲ. ಬಂದರೂ ಊಟದ ಹೊತ್ತಿಗೆ.

ಫಾರ್ವರ್ಡ್ ಮಾಡಿದ್ದಷ್ಟೇ, ಬರೆದದ್ದು ತಾನಲ್ಲ ಎಂಬ ಸಮಜಾಯಿಷಿ ಕಾನೂನಿನ ಮುಂದೆ ನಿಲ್ಲುವುದು ಕಷ್ಟ. ಮಾನಹಾನಿಕರ ಟ್ವೀಟನ್ನು ಮರುಹಂಚುವುದೂ ಮಾನಹಾನಿಯಾಗುತ್ತದೆ ಎಂದು ದಿಲ್ಲಿ ಹೈಕೋರ್ಟ್ 2024ರ ಫೆಬ್ರವರಿಯಲ್ಲಿ ಹೇಳಿದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷದವರೆಗೆ ಸಜೆಯಾಗಬಹುದು.

ಸಂಘ-ಸಂಸ್ಥೆಗಳು ಇದಕ್ಕಾಗಿ ಹೊಸ ಕಾನೂನು ಕಾಯಬೇಕಾಗಿಲ್ಲ. ವ್ಯಕ್ತಿಯ ಹೆಸರೆತ್ತಿದ ಆರೋಪ ಬಂದರೆ ಅಡ್ಮಿನ್ ಅದನ್ನು ತಡೆಹಿಡಿದು ಕಾರ್ಯಕಾರಿ ಸಮಿತಿಗೆ ಒಪ್ಪಿಸುವುದು, ಆರೋಪ ಹೊತ್ತವರ ಉತ್ತರವನ್ನು ಲಿಖಿತವಾಗಿ ಪಡೆಯುವುದು, ತಪ್ಪಿಲ್ಲವೆಂದು ಕಂಡುಬಂದರೆ ಆರೋಪ ಓಡಾಡಿದ ಗುಂಪುಗಳಲ್ಲೇ ಅದನ್ನು ಸಮಿತಿಯ ಹೆಸರಿನಲ್ಲಿ ಪ್ರಕಟಿಸುವುದು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಇಷ್ಟನ್ನು ಠರಾವಾಗಿ ಸೇರಿಸಲು ಹತ್ತು ನಿಮಿಷ ಸಾಕು.