ದಾಳ ಎರಡು ಬಾರಿ ಉರುಳಿದರೆ?

ಆಟಿ ತಿಂಗಳ ಮಳೆ ಹಿಡಿದು ಹೊರಗೆ ಕಾಲಿಡಲಾಗದ ದಿನಗಳಲ್ಲಿ ಚೆನ್ನೆಮಣೆಯನ್ನು ಹೊರತೆಗೆಯುವುದು ಕಡಬ ತಾಲೂಕಿನ ಕೊಯಿಲದಂಥ ತುಳುನಾಡಿನ ಊರುಗಳ ಹಳೆಯ ರೂಢಿ. 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಎಲ್ಲವೂ ಕಣ್ಣೆದುರಿಗೇ ಇರುವುದರಿಂದ ಇಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ.

ಘಟ್ಟದ ಮೇಲಿನ ಚೌಕಾಬಾರದ ರೀತಿಯೇ ಬೇರೆ. ಅಲ್ಲಿ ಕವಡೆ ಬಿದ್ದಂತೆ ನಡೆ. ಎದುರಾಳಿ ಎಲ್ಲಿಂದಲೋ ಬಂದು ಕಾಯಿ ಕಡಿದುಬಿಡುತ್ತಾನೆ. ಕಡಿದವನಿಗೆ ಇನ್ನೊಂದು ಎಸೆತ. ನಾಲ್ಕು, ಎಂಟು ಬಿದ್ದರೂ ಇನ್ನೊಂದು ಎಸೆತ. ಇಷ್ಟೇ ಆಗಿದ್ದರೆ ಮುಂದಿದ್ದವನು ಮುಂದೆಯೇ ಉಳಿಯುತ್ತಿದ್ದ. ಆದರೆ ಗೀಟು ಹಾಕಿದ ಮನೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಅನಿರೀಕ್ಷಿತ ಏಟು, ಅದರಿಂದ ಸಿಗುವ ಅನುಕೂಲ, ಇವೆರಡಕ್ಕೂ ಒಂದು ಕಡಿವಾಣ. ಕಡಿವಾಣವಿಲ್ಲದಿದ್ದರೆ ಚಿಕ್ಕ ಮಕ್ಕಳು ಅರ್ಧದಲ್ಲೇ ಆಟ ಬಿಟ್ಟು ಏಳುತ್ತಾರೆ.

ಇದೇ ಸಮಸ್ಯೆ ಅಮೆರಿಕದ ಒಂದು ಆಟವನ್ನೂ ಕಾಡಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಒಂದು ಬಗೆಯಲ್ಲಿ ನಮ್ಮ ತಾಳಮದ್ದಳೆಯಂತೆ. ವೇಷವಿಲ್ಲ, ಕುಳಿತಲ್ಲೇ ಪಾತ್ರ, ಮಾತು ಅವರವರದೇ. ಆದರೆ ಯುದ್ಧದಲ್ಲಿ ಏಟು ತಗಲಿತೇ ಇಲ್ಲವೇ ಎಂಬುದನ್ನು ಹೇಳುವುದು 20 ಮುಖಗಳ ದಾಳ.

ಈ ಆಟದ 2014ರ ನಿಯಮದಂತೆ, ಎಚ್ಚರವಿಲ್ಲದೆ ಸಿಕ್ಕಿಬಿದ್ದವರು ತಮ್ಮ ಮೊದಲ ಸರದಿಯಲ್ಲಿ ಏನೂ ಮಾಡುವಂತಿಲ್ಲ. ಇದು ಎಷ್ಟು ದೊಡ್ಡ ಶಿಕ್ಷೆ? ಎರಡು ಕಡೆ ನಾಲ್ಕು ನಾಲ್ಕು ಹುಣಸೆಬೀಜ ಇಟ್ಟು ನೋಡಿ. ಬೀಜಕ್ಕೊಂದು ನಾಣ್ಯ ಚಿಮ್ಮಿ, ತಲೆ ಬಿದ್ದರೆ ಎದುರಿನ ಒಂದು ಬೀಜ ತೆಗೆಯಿರಿ. ಸರಾಸರಿ ಲೆಕ್ಕದಲ್ಲಿ ಮೊದಲ ಪಕ್ಷದ ಏಟಿಗೆ ಎದುರಿನ ಎರಡು ಬೀಳುತ್ತವೆ. ಉಳಿದೆರಡು ತಿರುಗಿ ಹೊಡೆದಾಗ ಒಂದು ಬೀಳುತ್ತದೆ. ಈಗ 3ಕ್ಕೆ 2. ಆಟ ಇನ್ನೂ ಜೀವಂತ. ಆದರೆ ಎದುರು ಪಕ್ಷದ ಒಂದು ಸರದಿ ಕಸಿದುಕೊಂಡು ಮೊದಲಿಗರೇ ಮತ್ತೆ ಹೊಡೆದರೆ? ಉಳಿದೆರಡೂ ಬೀಳುತ್ತವೆ. ಕೈ ಎತ್ತುವ ಮೊದಲೇ ಆಟ ಮುಗಿಯಿತು!

2024ರಲ್ಲಿ ಈ ನಿಯಮವನ್ನು ಬದಲಿಸಿದರು. ಈಗ ಸರದಿ ಕಳೆದುಹೋಗುವುದಿಲ್ಲ. ಯಾರು ಮೊದಲು ಎಂದು ನಿರ್ಧರಿಸುವಾಗ ಮಾತ್ರ, ಸಿಕ್ಕಿಬಿದ್ದವನು ಎರಡು ಬಾರಿ ದಾಳ ಎಸೆದು ಕಡಿಮೆ ಅಂಕವನ್ನು ಇಟ್ಟುಕೊಳ್ಳಬೇಕು. ಅವನು ಗೆಲ್ಲಬೇಕಾದರೆ ಮೂರು ಎಸೆತಗಳಲ್ಲಿ ಎದುರಾಳಿಯದೇ ಅತಿ ಕಡಿಮೆಯಾಗಿರಬೇಕು. ಸಮ ಅಂಕಗಳನ್ನು ಬಿಟ್ಟರೆ ಅದರ ಸಂಭವ ಮೂರರಲ್ಲಿ ಒಂದು. ಮೊದಲು ಎರಡರಲ್ಲಿ ಒಂದಿತ್ತು. ಹಿನ್ನಡೆ ಹೌದು, ಸೋಲಲ್ಲ.

ಅನುಕೂಲವಿದ್ದವನಿಗೆ ಇದರ ತಿರುಗುಮುರುಗು: ಎರಡು ಬಾರಿ ಎಸೆದು ಹೆಚ್ಚಿನ ಅಂಕ. ಮನೆಯಲ್ಲಿರುವ ಆರು ಮುಖದ ದಾಳದಿಂದಲೇ ಲೆಕ್ಕ ಹಾಕಬಹುದು. ಎರಡು ಎಸೆತದ ಫಲಗಳು ಒಟ್ಟು 36. 4 ಅಥವಾ ಹೆಚ್ಚು ಬೇಕಿದ್ದರೆ ಸಂಭವ 18ರಿಂದ 27ಕ್ಕೆ ಏರುತ್ತದೆ. 6 ಮಾತ್ರ ಬೇಕಿದ್ದರೆ 6ರಿಂದ 11ಕ್ಕೆ. 2 ಸಾಕೆಂದಾದರೆ 30ರಿಂದ 35ಕ್ಕೆ. ಅಂದರೆ ಗೆಲುವು ಸೋಲು ಸಮ ತೂಗುವಲ್ಲಿ ಲಾಭ ಹೆಚ್ಚು. ತೀರ ಕಷ್ಟ, ತೀರ ಸುಲಭ ಇರುವಲ್ಲಿ ಕಡಿಮೆ. ಅದರ ಬದಲು ಒಂದು ಅಂಕ ಕೂಡಿಸಿ ಕೊಟ್ಟರೆ ದಾಳದಲ್ಲೇ ಇಲ್ಲದ 7 ಕೂಡ ಬಂದೀತು. ಎರಡು ಎಸೆತ ಎಂದೂ 6 ದಾಟದು.

ತಂದೆತಾಯಂದಿರಿಗೆ ಇದರಲ್ಲೊಂದು ಉಪಾಯವಿದೆ. ಅಣ್ಣನ ಜತೆ ಆಡುವ ಪುಟ್ಟ ತಂಗಿಯನ್ನು ಬೇಕೆಂದೇ ಗೆಲ್ಲಿಸಬೇಡಿ; ಅದು ಅವಳಿಗೆ ತಿಳಿಯದೆ ಇರದು. ಅಣ್ಣನ ಸರದಿಯನ್ನೂ ಕಸಿಯಬೇಡಿ, ಜಗಳವಾದೀತು. ಅವಳಿಗೆ ಎರಡು ಎಸೆತ ಕೊಟ್ಟು ಒಳ್ಳೆಯದನ್ನು ಆರಿಸಲು ಬಿಡಿ. ಇಬ್ಬರೂ ಕೊನೆಯವರೆಗೆ ಕುಳಿತಾರು.

ವಿದ್ಯಾರ್ಥಿಗಳಿಗೊಂದು ಕೆಲಸ. ನಾಲ್ಕು ಕವಡೆ ನೂರು ಬಾರಿ ಎಸೆದು ಬಿದ್ದದ್ದನ್ನು ಬರೆದಿಡಿ. ಕವಡೆಯ ಎರಡೂ ಮಗ್ಗುಲು ಸಮವಾಗಿ ಬೀಳುವಂತಿದ್ದರೆ ನಾಲ್ಕು ಮತ್ತು ಎಂಟು ಸೇರಿ 16ರಲ್ಲಿ ಎರಡು ಬಾರಿ, ಅಂದರೆ ನೂರಕ್ಕೆ ಹನ್ನೆರಡು-ಹದಿಮೂರು ಬಾರಿ ಬರಬೇಕು. ನಿಮ್ಮ ಪಟ್ಟಿ ಬೇರೆಯೇ ಹೇಳಿದರೆ, ಕವಡೆಯ ಬೆನ್ನು ಮತ್ತು ಬಾಯಿಯನ್ನು ಒಮ್ಮೆ ಚೆನ್ನಾಗಿ ನೋಡಿ, ಕಾರಣ ಅಲ್ಲಿರಬಹುದು.