ಜಲಾನಯನವೇ ಗಡಿಯಾಗಲಿ

ಕೆರೆಯಲ್ಲಿ ಯಾವುದೋ ಹೊರದೇಶದ ಮೀನು ಬಲೆಗೆ ಬಿತ್ತು ಎಂಬ ಸುದ್ದಿ ಬಂದಾಗಲೆಲ್ಲ ಒಂದು ಸಲಹೆ ಕೇಳಿಬರುತ್ತದೆ: ಯಾವ ಜಿಲ್ಲೆಯಲ್ಲಿ ಯಾವ ಮೀನು ಸಾಕಬಹುದೆಂದು ನಕ್ಷೆ ಮಾಡಿ ಮೊಬೈಲಿಗೆ ಹಾಕಿಬಿಡಿ, ಹಸಿರಿದ್ದಲ್ಲಿ ಸಾಕಲಿ, ಕೆಂಪಿದ್ದಲ್ಲಿ ಬೇಡ. ನಕ್ಷೆ ಬೇಕು ಎಂಬುದರಲ್ಲಿ ತಕರಾರಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ 2000ದಿಂದಲೇ ದೇಶದಾದ್ಯಂತ ನಿಷೇಧವಿದೆ. ತಿಲಾಪಿಯಾಕ್ಕೆ ಪರವಾನಗಿ ಪಡೆಯಬೇಕು, ಅದೂ ಸಂತಾನ ಬೆಳೆಸಲಾಗದಂಥ ಏಕಲಿಂಗಿ ಮರಿಗಳನ್ನೇ ಬಿಡಬೇಕು, ನೀರು ಹೊರಹೋಗುವ ಕಡೆ ಜಾಲರಿ ಇರಬೇಕು. ಇಷ್ಟನ್ನು ನೆನಪಿಡುವುದು ಹೊಂಡ ತೋಡಿಸಿದ ರೈತನಿಗೆ ಕಷ್ಟವೇ. ಆದರೆ ಆ ನಕ್ಷೆಯ ಗೆರೆಗಳನ್ನು ಕಂದಾಯ ಇಲಾಖೆಯಿಂದ ಎರವಲು ತಂದರೆ, ಅಂಥ ನಕ್ಷೆ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಮೀನು ಹರಡುವುದು ನೀರಿನ ದಾರಿಯಲ್ಲಿ. ಗೆರೆಯನ್ನೂ ಆ ದಾರಿ ನೋಡಿಯೇ ಎಳೆಯಬೇಕು.

ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ತುಂಗೆ, ಭದ್ರೆ ಅಲ್ಲಿ ಹುಟ್ಟಿ ಕೃಷ್ಣೆಯ ಕಡೆಗೆ ಹೋಗುತ್ತವೆ. ಮೂಡಿಗೆರೆ ತಾಲ್ಲೂಕಿನ ಹೇಮಾವತಿ ಕಾವೇರಿಗೆ ಸೇರುತ್ತದೆ. ಗಂಗಾಮೂಲದ ನೇತ್ರಾವತಿ ಘಟ್ಟ ಇಳಿದು ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಜಿಲ್ಲೆ, ಮೂರು ನೀರು. ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿದರೆ ಅದು ಯಾವ ನದಿಯ ಪರವಾಗಿ ಕೊಟ್ಟ ತೀರ್ಪು? ಇದರ ಉಲ್ಟಾ ಉದಾಹರಣೆಯೂ ಉಂಟು. ಕೇರಳದ ವಯನಾಡಿನಲ್ಲಿ ಹೊಂಡದ ಬದು ಒಡೆದರೆ ಅಲ್ಲಿನ ಮೀನು ಕಬಿನಿಯಲ್ಲಿ ತೇಲಿ ಹೆಗ್ಗಡದೇವನಕೋಟೆಗೆ ಬರುತ್ತದೆ. ಮೀನುಗಾರಿಕೆ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯ ಎಂಬುದು ಆ ಮೀನಿಗೆ ಗೊತ್ತಿಲ್ಲ.

ಕಾನೂನಿನ ಕಣ್ಣಿಗೂ ಇದೇ ಪೊರೆ ಬಂದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ, ಆಕ್ರಮಣಕಾರಿ ಪ್ರಭೇದಗಳನ್ನು ಇಟ್ಟುಕೊಳ್ಳುವುದನ್ನು, ಮಾರುವುದನ್ನು ನಿರ್ಬಂಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಒಳ್ಳೆಯ ಹೆಜ್ಜೆಯೇ. ಆದರೆ ಅದರ ವ್ಯಾಖ್ಯೆ ಭಾರತಕ್ಕೆ ಸಹಜವಲ್ಲದ ಜೀವಿಗಳಿಗಷ್ಟೇ ಅನ್ವಯ. ಹಾಗಾದರೆ ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಆದದ್ದನ್ನು ಯಾವ ಲೆಕ್ಕಕ್ಕೆ ಹಾಕುವುದು? ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲದ, ಜಗತ್ತಿನ ಬೆರಗೆನಿಸಿದ ದೈತ್ಯ ಮೀನದು. ಲೋಣಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು, ಅದೂ ಸಂರಕ್ಷಣೆಯ ಹೆಸರಿನಲ್ಲಿ. ನೀಲಿ ರೆಕ್ಕೆಯದನ್ನು ವಿಜ್ಞಾನ ಮೊದಲು ಗುರುತಿಸಿದ್ದು ಪುಣೆಯ ಬಳಿ, ಕೃಷ್ಣಾ ಕಣಿವೆಯಲ್ಲಿ. ಬರುಬರುತ್ತ ಗಾಳದ ಮೀನುಗಾರರ ದಾಖಲೆಗಳಲ್ಲಿ ನೀಲಿ ರೆಕ್ಕೆಯದೇ ಹೆಚ್ಚಾಯಿತು, ಗೂನುಬೆನ್ನಿನದು ಅಪರೂಪವಾಯಿತು. ಅದಕ್ಕೆ ವಿಜ್ಞಾನಿಗಳು ಟಾರ್ ರೆಮಾದೇವಿ ಎಂಬ ಹೆಸರನ್ನು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರಿಗೂ ಮರಣಶಾಸನಕ್ಕೂ ಒಂದೇ ವರ್ಷ! ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಹಿಡಿಯುವುದು, ಎಲ್ಲದರ ಪಾಲೂ ಇದರಲ್ಲಿದೆ. ಆದರೆ ಇಲ್ಲಿ ಬಂದು ಬೇರೂರಿದ ಮೀನು ಹೊರದೇಶದ್ದಲ್ಲ, ನಮ್ಮದೇ ದೇಶದ್ದು. ಹಾಗಾಗಿ ಕಾಯ್ದೆಯ ನಕ್ಷೆಯಲ್ಲಿ ಅದಕ್ಕೆ ಕೆಂಪು ಬಣ್ಣ ಬೀಳುವುದೇ ಇಲ್ಲ.

ಕಣಿವೆಯ ಜೊತೆಗೆ ನೆರೆಯ ಗೆರೆಯೂ ನಕ್ಷೆಯಲ್ಲಿರಬೇಕು. 1971ರಲ್ಲಿ ಹಿಮಾಚಲದ ದೆಯೋಲಿ ಮೀನು ಫಾರ್ಮಿಗೆ ನೆರೆ ನುಗ್ಗಿ ಬೆಳ್ಳಿ ಗೆಂಡೆ ಗೋವಿಂದಸಾಗರ ಜಲಾಶಯಕ್ಕೆ ಸೇರಿತು. ಮುಂದೆ ಅಲ್ಲಿ ಕಾಟ್ಲಾ, ಮಹಶೀರ್ ಹಿಂದೆ ಬಿದ್ದು, ಬಲೆಗೆ ಬೀಳುವುದೆಲ್ಲ ಹೆಚ್ಚಾಗಿ ಅದೇ ಆಯಿತು. 2018ರ ಕೇರಳದ ಪ್ರವಾಹದ ಬಳಿಕ ಅಮೆಜಾನಿನ ಅರಾಪೈಮಾ ಚಾಲಕುಡಿ ಹೊಳೆಯಲ್ಲಿ ಸಿಕ್ಕಿತು. ಎರಡೂ ಕಡೆ ಯಾರೂ ಬೇಕೆಂದು ಬಿಟ್ಟದ್ದಲ್ಲ. ತೋಟದ ಹೊಂಡ, ಅಕ್ವೇರಿಯಂ ಅಂಗಡಿಯ ತೊಟ್ಟಿ ಹೊಳೆಯ ದಡದಲ್ಲಿದ್ದರೆ, ದೊಡ್ಡ ಮಳೆಯ ದಿನ ಅವೂ ಹೊಳೆಯೇ.

ಮೀನು ಸಾಕುವವರ ಆಕ್ಷೇಪಕ್ಕೆ ತೂಕವಿದೆ. ತಿಲಾಪಿಯಾ 1952ರಲ್ಲೇ ದೇಶಕ್ಕೆ ಬಂದಿದೆ, ಕಾವೇರಿಯಲ್ಲೂ ತುಂಬಿಕೊಂಡಿದೆ. ಬಡವರ ತಟ್ಟೆಗೆ ಅಗ್ಗದ ಪ್ರೋಟೀನು ಒದಗಿಸುತ್ತಿದೆ. ಈಗ ಕೆಂಪು ಗೆರೆ ಎಳೆದು ಯಾರನ್ನು ಕಾಪಾಡುತ್ತೀರಿ ಎಂದು ಅವರು ಕೇಳಿದರೆ ತಪ್ಪಲ್ಲ. ಜಿಲ್ಲಾ ನಕ್ಷೆಯಲ್ಲಿ ಇದಕ್ಕೆ ಉತ್ತರವಿಲ್ಲ, ಜಲಾನಯನ ನಕ್ಷೆಯಲ್ಲಿದೆ. ತಿಲಾಪಿಯಾ ಬೇರೂರಿದ ಬಯಲಿನ ಜಲಾಶಯದ ಕೆಳಗೆ ಅನುಮತಿ ಸಡಿಲವಾಗಲಿ. ಅದಿನ್ನೂ ಕಾಲಿಡದ ಮಲೆನಾಡಿನ ಹಳ್ಳಗಳ ಮೇಲ್ಭಾಗದಲ್ಲಿ ಬಿಗಿಯಾಗಲಿ. ಇದರಿಂದ ಸಾಕುವವರಿಗೆ ಈಗಿಗಿಂತ ಹೆಚ್ಚು ಜಾಗವೇ ಸಿಕ್ಕೀತು. ಪ್ರಕೃತಿ ತಾನಾಗಿ ಎಲ್ಲವನ್ನೂ ಸರಿಮಾಡಿಕೊಳ್ಳುತ್ತದೆ ಎನ್ನುವವರು ಒಮ್ಮೆ ಗೋವಿಂದಸಾಗರಕ್ಕೆ ಹೋಗಿ ಬರಲಿ.

ಅಧಿಕಾರಿಗಳ ಕಷ್ಟವೂ ನಿಜ. ತಾಲ್ಲೂಕು ಕಚೇರಿಯ ವ್ಯಾಪ್ತಿ ತಾಲ್ಲೂಕಿನ ಗಡಿಗೇ ಮುಗಿಯುತ್ತದೆ. ಆದರೆ ಜಲಾನಯನದ ಲೆಕ್ಕ ಕರ್ನಾಟಕಕ್ಕೆ ಹೊಸದೇನಲ್ಲ. ಸುಜಲಾ ಯೋಜನೆ ಕಿರು ಜಲಾನಯನಗಳನ್ನೇ ಘಟಕವಾಗಿಟ್ಟುಕೊಂಡು ಕೆಲಸ ಮಾಡಿತು. ಪಹಣಿಯ ಸರ್ವೆ ನಂಬರುಗಳು ಭೂಮಿ ತಂತ್ರಾಂಶದಲ್ಲಿವೆ. ಎರಡನ್ನೂ ಜೋಡಿಸಿದರೆ, ಸರ್ವೆ ನಂಬರು ಒತ್ತಿದ ರೈತನಿಗೆ ತನ್ನ ಹೊಂಡದ ನೀರು ಯಾವ ನದಿಗೆ ಸೇರುತ್ತದೆ, ಅಲ್ಲಿ ಯಾವ ಮೀನಿಗೆ ಅನುಮತಿಯಿದೆ ಎಂಬುದು ಕಾಣುವಂತೆ ಮಾಡಬಹುದು. ಇದು ಬರೀ ಕಂಪ್ಯೂಟರಿನ ಕೆಲಸವಲ್ಲ. ನಾಲೆ, ಏತ ನೀರಾವರಿ ಸೇರಿದಾಗಲೆಲ್ಲ ನಕ್ಷೆ ತಿದ್ದಬೇಕು: ನೇತ್ರಾವತಿಯ ಉಪಹೊಳೆಯ ನೀರನ್ನು ಬಯಲುಸೀಮೆಯ ಕಡೆ ತಿರುಗಿಸಿದ ಎತ್ತಿನಹೊಳೆ ಯೋಜನೆ, ನಿಸರ್ಗ ಬೇರೆಬೇರೆಯಾಗಿಟ್ಟ ಕಣಿವೆಗಳನ್ನು ಪೈಪಿನಿಂದ ಜೋಡಿಸಿದೆ. ಹಾಗೆಯೇ ಕೃಷ್ಣೆಯ ಮೀನು ಕಾವೇರಿಗೆ ಹೊರಗಿನದು ಎಂದು ಕಾಯ್ದೆಯ ವ್ಯಾಖ್ಯೆಯನ್ನೂ ತಿದ್ದಬೇಕು. ನೀರಿನ ಪಾಲಿಗಾಗಿ ದಶಕಗಟ್ಟಲೆ ನ್ಯಾಯಮಂಡಳಿಯೆದುರು ಕಾದಾಡಿದ ರಾಜ್ಯಗಳಿಗೆ, ಆ ನೀರಿನೊಳಗೆ ಯಾವ ಜೀವ ಇರಬೇಕೆಂದು ಒಂದು ಸಲವಾದರೂ ಕೂತು ಮಾತಾಡುವ ಬಾಧ್ಯತೆಯಿದೆ. ಅದನ್ನು ನಿಭಾಯಿಸದೆ ಬಣ್ಣದ ಜಿಲ್ಲಾ ನಕ್ಷೆ ಹಂಚಿದರೆ ಮೀನು ಹರಡುವುದಕ್ಕೆ ಸರ್ಕಾರವೇ ಪರವಾನಗಿ ಬರೆದುಕೊಟ್ಟಂತಾಗುತ್ತದೆ.